ಬೆಳಗಾವಿಯಲ್ಲಿ ಬುಲೆಟ್‌ನ ಹಿಂದಿನ ಮಡ್‌ಗಾರ್ಡ್ ಮಾಡಿಫೈ ಮಾಡಿಸುವವರು ಇದನ್ನು ಓದಿಯೇ ಗಾಡಿ ಬಿಡಿ

ಬುಲೆಟ್‌ನ ಹಿಂದಿನ ಉದ್ದನೆಯ ಮಡ್‌ಗಾರ್ಡ್ ತೆಗೆಸಿ ಗಿಡ್ಡನೆಯದನ್ನು ಹಾಕಿಸಬೇಕೆಂದು ನಮ್ಮ ಊರಿನಲ್ಲಿ ಗ್ಯಾರೇಜು ಹುಡುಕುತ್ತಿರುವವರು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನನಗಾದದ್ದು ಬರೀ ಕೆಟ್ಟ ಕೆಲಸವಲ್ಲ, ಶುದ್ಧ ಮೋಸ.

ಮಾತು ಸ್ಪಷ್ಟವಾಗಿಯೇ ಆಗಿತ್ತು. ಕಂಪನಿಯ ಮಡ್‌ಗಾರ್ಡನ್ನು ಬಿಚ್ಚಿ ಗೀರು ಬೀಳದಂತೆ ಸುತ್ತಿ ನನ್ನ ಕೈಗೆ ಕೊಡಬೇಕು, ಅದರ ಜಾಗಕ್ಕೆ ಬೇರೆಯೇ ಹೊಸ ಉಕ್ಕಿನ ಮಡ್‌ಗಾರ್ಡ್ ಕೂರಿಸಿ ಟ್ಯಾಂಕಿನ ಬಣ್ಣಕ್ಕೆ ಹೊಂದುವಂತೆ ಪೇಂಟ್ ಮಾಡಬೇಕು. ಮಾಲಿಗೆ 4,500 ರೂಪಾಯಿ, ಮಜೂರಿ ಮತ್ತು ಪೇಂಟಿಗೆ 3,500. "ಉದ್ಯಮಬಾಗದಾಗ ಪ್ರೆಸ್ ಮಾಡಿಸಿದ ಮಾಲ್ ಐತ್ರಿ ಸರ್, ಕೈಯಾಗ ಹಿಡದ್ರ ವಜ್ಜ ತಿಳೀತೈತಿ" ಎಂದು ಮಾಲೀಕ ಮೊಬೈಲಿನಲ್ಲಿ ಫೋಟೋ ತೋರಿಸಿದ. ಗಾಡಿ ಕೊಟ್ಟ ಸಂಜೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣ ಮಿರಮಿರನೆ ಹೊಳೆಯುತ್ತಿತ್ತು. ಹಳೆಯದನ್ನು ಕೇಳಿದರೆ, "ಗೋಡೌನದಾಗ ಐತ್ರಿ, ನಾಳೆ ಕೊಡ್ತೀನಿ" ಎಂದ. ಆ ನಾಳೆ ಇಂದಿಗೂ ಬಂದಿಲ್ಲ.

ಬಯಲಾದದ್ದು ಪಂಕ್ಚರ್ ಅಂಗಡಿಯಲ್ಲಿ. ಹಿಂದಿನ ಚಕ್ರ ಬಿಚ್ಚಿದಾಗ ಸುಮ್ಮನೆ ಬಗ್ಗಿ ನೋಡಿದೆ. ಪಾರ್ಕಿಂಗ್‌ನಲ್ಲಿ ಯಾರೋ ಗುದ್ದಿ ನನ್ನ ಹಳೆಯ ಮಡ್‌ಗಾರ್ಡಿನ ಎಡಬದಿಗೆ ಬಿದ್ದಿದ್ದ ನೆಗ್ಗು, ಹೊರಗಡೆ ಪುಟ್ಟಿ ತುಂಬಿ ಮರೆಮಾಡಿದ್ದರೂ, ಒಳಮೈಯಲ್ಲಿ ಉಬ್ಬಾಗಿ ಹಾಗೆಯೇ ಇತ್ತು. ಅದೇ ನೆಗ್ಗು, ಅದೇ ಜಾಗ! ಪಂಕ್ಚರ್ ಹಾಕುವವನು ನಟ್ಟು ಹೆಕ್ಕುವ ಅಯಸ್ಕಾಂತವನ್ನು ಮಡ್‌ಗಾರ್ಡಿನ ತುದಿಗೆ ಹಿಡಿದರೆ ಅದು ಅಂಟದೆ ಜಾರಿ ಕೆಳಗೆ ಬಿತ್ತು. ಅಷ್ಟು ದಪ್ಪ ಪುಟ್ಟಿ. ಅಂದರೆ ನನ್ನದೇ ಮಡ್‌ಗಾರ್ಡನ್ನು ಗ್ರೈಂಡರಿನಿಂದ ಕತ್ತರಿಸಿ, ತುದಿಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಹೊಸ ಮಾಲೆಂದು ನನಗೇ ಮಾರಿದ್ದರು. ನನ್ನ ವಸ್ತುವನ್ನು ನನಗೇ ಮಾರಿದ್ದರು! ಅಲ್ಲಿ ನಿಂತಿದ್ದವರೆಲ್ಲ ನಕ್ಕರು.

ಫೋನ್ ಮಾಡಿದಾಗ ಸಿಕ್ಕ ಉತ್ತರಗಳನ್ನೂ ಕೇಳಿ. ಮೊದಲು, "ಹೊಸಾದರಿ ಸರ್, ನಿಮ್ಮಾಣಿ." ನೆಗ್ಗಿನ ಫೋಟೋ ಕಳಿಸಿದ ಮೇಲೆ, "ಹೊಸಾ ಮಾಲಿಗೂ ಹಂಗ ನೆಗ್ಗ ಇರ್ತಾವ್ರಿ, ಟೆಂಪೋದಾಗ ತರುವಾಗ ಬಡೀತಾವು." ಒಳಗೆ ಕಂಪನಿಯವರು ವೈರ್ ಹಿಡಿಸಲು ಬೆಸೆದ ಕ್ಲಿಪ್ಪುಗಳನ್ನೂ ತೋರಿಸಿದಾಗ ರಾಗ ಬದಲಾಯಿತು: "ಕಂಪನಿ ಪತ್ರಾ ಗಟ್ಟಿ ಇರತೈತ್ರಿ, ನಿಮ್ಮ ಚಲೋದಕ್ಕ ಅದನ್ನ ಹಾಕೀವಿ." ಹಾಗಾದರೆ 4,500 ರೂಪಾಯಿ ಯಾವ ಮಾಲಿಗೆ ಎಂದು ಕೇಳಿದ್ದಕ್ಕೆ, "ನೀವು ಭಾಳ ಲೆಕ್ಕಾ ಹಿಡೀತೀರಿ ಬಿಡ್ರಿ" ಎಂದು ಫೋನ್ ಇಟ್ಟ. ನನ್ನ ಚಲೋದಕ್ಕಂತೆ!

ಅದು ಸಾಲದೆಂಬಂತೆ, ಕತ್ತರಿಸುವಾಗ ಹಿಂತುದಿಯಲ್ಲಿದ್ದ ಕ್ಲಿಪ್ಪುಗಳೂ ಹೋಗಿದ್ದರಿಂದ ಟೇಲ್ ಲೈಟಿನ ವೈರು ಜೋತುಬಿದ್ದು, ಹಿಂದೆ ಒಬ್ಬರು ಕೂತು ಶಾಕ್ ಅಬ್ಸಾರ್ಬರ್ ಕುಗ್ಗಿದಾಗಲೆಲ್ಲ ಟಯರಿಗೆ ಉಜ್ಜಿ, ಸಿಪ್ಪೆ ಸುಲಿದು, ಚೋರ್ಲಾ ರಸ್ತೆಯಲ್ಲಿ ಮಳೆಯ ರಾತ್ರಿ ಫ್ಯೂಸ್ ಹಾರಿತು. ಹಿಂದಿನ ದೀಪವಿಲ್ಲದೆ, ಲಾರಿಗಳ ಮುಂದೆ, ಹೆಂಡತಿಯನ್ನು ಕೂರಿಸಿಕೊಂಡು ಆ ದಾರಿಯಲ್ಲಿ ಬಂದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಒಮ್ಮೆ ಹಾಕಿದರೆ ಮತ್ತೆ ಬಿಚ್ಚಲಾಗದ ಲಾಕನ್ನೂ ಡ್ರಿಲ್ ಹೊಡೆದು ಒಡೆದು, ಸಾದಾ ಸ್ಕ್ರೂ ಹಾಕಿ ಕಳಿಸಿದ್ದರು. ಲುಕ್ ಕೆಡುತ್ತದೆ ಎಂದು ಸೀರೆ ಗಾರ್ಡನ್ನೂ ನನ್ನನ್ನು ಕೇಳದೆಯೇ ತೆಗೆದಿದ್ದರು. ಹಿಂಬದಿ ಸವಾರರ ಬಟ್ಟೆ ಸಿಲುಕದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ.

"ಪೊಲೀಸ್ರ ತ್ರಾಸ ಏನೂ ಇಲ್ರಿ" ಎಂಬ ಮಾತನ್ನಂತೂ ನಂಬಲೇಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನುಮತಿಸದ ಮಾರ್ಪಾಡಿಗೆ 182ಎ ಕಲಮಿನಡಿ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಇದ್ದು, ಅದು ಬೀಳುವುದು ಗಾಡಿಯ ಮಾಲೀಕನ ತಲೆಗೇ ಹೊರತು ಪುಟ್ಟಿ ಮೆತ್ತಿದವನ ತಲೆಗಲ್ಲ.

ಆದರೂ ಮಾಡಿಸುವವರು ಕಂಪನಿಯ ಮಡ್‌ಗಾರ್ಡನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ ಅಂದೇ ಮನೆಗೆ ಒಯ್ಯಿರಿ, ಹೊಸದನ್ನು ಬಣ್ಣ ಹಚ್ಚುವ ಮುಂಚೆಯೇ ಅಯಸ್ಕಾಂತ ಹಿಡಿದು ನೋಡಿ, ಮಾಲು ಮತ್ತು ಮಜೂರಿ ಬೇರೆ ಬೇರೆ ಬರೆದ ಬಿಲ್ ಪಡೆಯಿರಿ. ನನಗೆ ಸಿಕ್ಕಿದ್ದು ಅಂಗಡಿಯ ಹೆಸರೂ ಇಲ್ಲದ ಒಂದು ಚೀಟಿ. ಅದನ್ನೂ ವಾಟ್ಸಾಪ್ ಮಾತುಕತೆಯನ್ನೂ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ; 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ.

ಇಷ್ಟಾದರೂ ಆ ಪುಣ್ಯಾತ್ಮ ನನ್ನ ಗಾಡಿಯ ಫೋಟೋವನ್ನೇ ಜಾಹೀರಾತಾಗಿ ತನ್ನ ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಿದ್ದಾನೆ. ತೆಗೆಯಿರಿ ಎಂದು ಬರೆದರೆ ಬಂದ ಉತ್ತರ: "ಗಾಡಿ ಭಾಳ ಚಂದ ಬಂದೈತ್ರಿ ಸರ್, ಇರ್ಲಿ ಬಿಡ್ರಿ."