ಮಳೆಗಾಲದಲ್ಲಿ ಹಾಲ್ ಫಂಕ್ಷನ್ ಇದ್ದವರು ಓದಿ: ‘ಎಡಿಟಿಂಗಲ್ಲಿ ಸರಿ ಮಾಡುವ’ ಎಂದವರಿಗೆ ಅಡ್ವಾನ್ಸ್ ಕೊಡಬೇಡಿ

ಮುಂಬೈಯಲ್ಲಿ ಮಳೆಗಾಲದಲ್ಲಿ ಹಾಲ್ ಬುಕ್ ಮಾಡಿ ಫಂಕ್ಷನ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಶ್ರಾವಣದಲ್ಲಿ ಮಾಟುಂಗಾದಲ್ಲಿ ತಂಗಿಯ ಸೀಮಂತ ಇತ್ತು. ಫೋಟೋಗ್ರಾಫರ್‌ಗೆ 22,000 ರೂಪಾಯಿ ಮಾತಾಗಿತ್ತು, 16,000 ಹೋಗಿದೆ. ಕೈಗೆ ಬಂದ 340 ಫೋಟೋಗಳಲ್ಲಿ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವಂಥದ್ದು ಒಂದೂ ಇಲ್ಲ. ಒಂದೂ ಇಲ್ಲ! ಕ್ಯಾಮೆರಾ ಕೆಲಸ ಗೊತ್ತಿದ್ದೂ ಮೋಸಹೋದೆನಲ್ಲ ಎಂದು ಬರೆಯುವಾಗಲೂ ನಾಚಿಕೆಯಾಗುತ್ತದೆ. ಹೆಸರು ಹಾಕುವುದಿಲ್ಲ, ಇಂಥವರು ಒಬ್ಬರೇ ಅಲ್ಲ.

ನಮ್ಮ ಊರ ಕಡೆಯವರು, ಕನ್ನಡದಲ್ಲೇ ಮಾತು, ಅಷ್ಟಕ್ಕೇ ನಂಬಿದೆ. ತೋರಿಸಿದ ಸ್ಯಾಂಪಲ್ ಎಲ್ಲ ಹೊರಗಿನದ್ದು: ಬ್ಯಾಂಡ್‌ಸ್ಟ್ಯಾಂಡ್, ವರ್ಲಿ ಸೀಫೇಸ್, ಲೋಣಾವಳ. ಎಲ್ಲದರಲ್ಲೂ ಸಂಜೆಯ ಬಿಸಿಲು. ಹಾಲ್ ಒಳಗೆ ತೆಗೆದದ್ದು ಒಂದೂ ಇರಲಿಲ್ಲ. “ಹಾಲಲ್ಲಿ ಬೆಳಕು ಕಮ್ಮಿ ಉಂಟು, ಲೈಟ್ ತರ್ತೀರಾ?” ಎಂದು ಕೇಳಿದ್ದೆ. “ಅಣ್ಣ, ನೀವು ತಲೆಬಿಸಿ ಮಾಡ್ಬೇಡಿ. ಎಡಿಟಿಂಗಲ್ಲಿ ಎಲ್ಲ ಸರಿ ಮಾಡುವ” ಎಂದರು. ಆ ಮಾತು ಬಾಯಿಂದ ಬಂದ ಕೂಡಲೇ ನಾನು ಎದ್ದು ಬರಬೇಕಿತ್ತು.

ಆ ದಿನ ಬಂದದ್ದು ಒಂದು ಕ್ಯಾಮೆರಾ, ಅದರ ಜೊತೆಗೇ ಬರುವ 18-55 ಲೆನ್ಸ್. ಲೈಟ್ ಸ್ಟ್ಯಾಂಡ್ ಇಲ್ಲ, ಬೆಳಕು ಮೆತ್ತಗೆ ಹರಡುವ ಅಂಬ್ರೆಲಾ ಇಲ್ಲ, ಬೇರೆ ಫ್ಲ್ಯಾಶ್ ಇಲ್ಲ. ಇಂಥ ಹಾಲ್‌ಗಳ ಬೆಳಕು ನಿಮಗೆ ಗೊತ್ತೇ ಇದೆ. ಸ್ಟೇಜಿನ ಮೇಲೆ ಹಳದಿ ಸ್ಪಾಟ್, ಕೂರುವ ಕಡೆ ಬಿಳಿ ಟ್ಯೂಬ್‌ಲೈಟ್, ಪಕ್ಕದ ಕಿಟಕಿಯಿಂದ ಮೋಡದ ನೀಲಿ ಬೆಳಕು. ಒಂದೇ ಮುಖದ ಮೇಲೆ ಮೂರು ಬಣ್ಣ. ಕಷ್ಟದ ಬೆಳಕು, ಒಪ್ಪುತ್ತೇನೆ. ಆದರೆ ಕಷ್ಟದ ಬೆಳಕಿಗೇ ಅಲ್ಲವೇ ದುಡ್ಡು ಕೊಟ್ಟು ಕರೆಸುವುದು? ಬಿಸಿಲಲ್ಲಾದರೆ ಮೊಬೈಲ್ ಸಾಕಿತ್ತು.

ಹದಿನೆಂಟು ದಿನ ಕಳೆದು ಲಿಂಕ್ ಬಂತು. ಮೊಬೈಲಿನ ಚಿಕ್ಕ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ತಂಗಿ ಖುಷಿಪಟ್ಟಳು, ನಾನು ಅಲ್ಲೇ ಇನ್ನೂ 6,000 ಕಳಿಸಿಬಿಟ್ಟೆ. ರಾತ್ರಿ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಅಳತೆಗೆ ತೆರೆದಾಗ ಎದೆ ಧಸಕ್ಕೆಂದಿತು.

ಅಜ್ಜಿ ತಂಗಿಯ ಕೈಗೆ ಹಸಿರು ಬಳೆ ತೊಡಿಸುವ ಫೋಟೋ. ಇಡೀ ದಿನದಲ್ಲಿ ನಮಗೆ ಬೇಕಾಗಿದ್ದದ್ದು ಅದೊಂದೇ. ಬಳೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಕರಗಿ ಅಂಟಿಕೊಂಡ ಹಾಗೆ ಒಂದೇ ಪಟ್ಟಿ. ಅದೂ ಹಸಿರಲ್ಲ, ನವಿಲುನೀಲಿ. ಸೀರೆಯೂ ನವಿಲುನೀಲಿ. ಸೀಮಂತದ ಹಸಿರು ಸೀರೆ ಅದು! ಅಜ್ಜಿಯ ಬೆರಳುಗಳ ಗೆಣ್ಣು, ನರ, ಸುಕ್ಕು ಏನೂ ಇಲ್ಲ, ಮೇಣದ ಬೆರಳು. ಮುಡಿಯಲ್ಲಿ ಉಡುಪಿ ಮಲ್ಲಿಗೆಯ ದಂಡೆ ಇತ್ತು, ಮೊಗ್ಗು ಮೊಗ್ಗಾಗಿ ಕಟ್ಟಿದ್ದು. ಫೋಟೋದಲ್ಲಿ ಅದು ಬಿಳಿ ಹಗ್ಗ. ಅಜ್ಜಿಯ ಮುಖವನ್ನಂತೂ ಎಐ ಹೊಸದಾಗಿ ಬರೆದುಬಿಟ್ಟಿದೆ, ಇಲ್ಲದ ರೆಪ್ಪೆ ಬಂದಿದೆ, ಹಣೆಯ ಗೆರೆ ಹೋಗಿದೆ. ಅಮ್ಮ ನೋಡಿ “ಇದು ಯಾರು?” ಎಂದರು. ಅವರ ಸ್ವಂತ ತಾಯಿಯ ಫೋಟೋ ನೋಡಿ.

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್ ನೋಡಿದೆ. 55 ಎಂಎಂ, ಎಫ್ 5.6, 1/30 ಸೆಕೆಂಡ್, ಐಎಸ್‌ಒ 400. ಎಂಎಂ ಎಂದರೆ ಲೆನ್ಸಿನ ಜೂಮ್; ಎಫ್ ಎಂದರೆ ಲೆನ್ಸಿನ ಕಿಂಡಿ, ಅಂಕೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು; 1/30 ಶಟರ್ ತೆರೆದಿರುವ ಹೊತ್ತು; ಐಎಸ್‌ಒ ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬ ಅಂಕೆ. ಅಲ್ಲಿಗೆ ಎಲ್ಲ ಅರ್ಥವಾಯಿತು.

ಐಎಸ್‌ಒ ಏರಿಸಿದರೆ ನಾಯ್ಸ್, ಅಂದರೆ ಕಾಳುಕಾಳಾದ ಚುಕ್ಕಿ, ಬರುತ್ತದೆಂದು ಹೆದರಿ 400ರಲ್ಲೇ ಇಟ್ಟಿದ್ದಾರೆ. ಅಂಥ ಸ್ಟೇಜಿನ ಬೆಳಕಿಗೆ ಆ ಸೆಟ್ಟಿಂಗ್ ಎರಡು ಮೂರು ಸ್ಟಾಪ್ ಕಮ್ಮಿ (ಒಂದೊಂದು ಸ್ಟಾಪ್ ಕಮ್ಮಿಯಾದಾಗಲೂ ಬೆಳಕು ಅರ್ಧ), ಅಂದರೆ ಬೇಕಾದ ಬೆಳಕಿನ ಕಾಲು ಭಾಗವೋ ಅದಕ್ಕಿಂತ ಕಮ್ಮಿಯೋ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿಗೆ ಬಿದ್ದಿದೆ. ನಾಯ್ಸ್ ಮೂಲತಃ ಬರುವುದು ಬೆಳಕಿನ ಕೊರತೆಯಿಂದ. ಕತ್ತಲೆಯಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ನಾಯ್ಸೂ ಜೊತೆಗೇ ಎದ್ದು ಬರುತ್ತದೆ. ಅದನ್ನು ಅಳಿಸಲು ಸ್ಲೈಡರ್ ಕೊನೆಯವರೆಗೆ ಎಳೆದಿದ್ದಾರೆ. ಮಲ್ಲಿಗೆಯ ಎಸಳು ಯಾವುದು, ನಾಯ್ಸಿನ ಚುಕ್ಕಿ ಯಾವುದು, ಸಾಫ್ಟ್‌ವೇರಿಗೆ ಗೊತ್ತಾಗದೆ ಎರಡನ್ನೂ ಒರೆಸಿದೆ. ಇನ್ನು 1/30. ಚಲಿಸುವ ಕೈ ಅಷ್ಟು ಹೊತ್ತಿನಲ್ಲಿ ಅಲುಗಿಯೇ ಅಲುಗುತ್ತದೆ. ಲೆನ್ಸಿನ ಸ್ಟೆಬಿಲೈಸರ್ ಕ್ಯಾಮೆರಾ ಹಿಡಿದವರ ಕೈನಡುಕ ತಡೆಯುತ್ತದೆ, ಅಜ್ಜಿಯ ಕೈಯನ್ನಲ್ಲ. ಆ ಮಸುಕಿನ ಮೇಲೆ ಎಐ ಶಾರ್ಪನಿಂಗ್ ಹೊಡೆದರೆ ಅಂಚು ಮಾತ್ರ ಚೂಪಾಗುತ್ತದೆ, ಒಳಗಿನದ್ದು ಊಹೆ. ಬಳೆ ಅಂಟಿಕೊಂಡದ್ದು ಹೀಗೆ.

ಬಣ್ಣ ಹಾಳಾದದ್ದು ಪ್ರೀಸೆಟ್‌ನಿಂದ, ಅಂದರೆ ಎಲ್ಲ ಫೋಟೋಗೂ ಒಂದೇ ಕ್ಲಿಕ್ಕಿನಲ್ಲಿ ಹಾಕುವ ಸಿದ್ಧ ಬಣ್ಣದ ಸೆಟ್ಟಿಂಗ್. ಹಸಿರನ್ನು ನೀಲಿಯ ಕಡೆ ತಳ್ಳಿದ್ದಾರೆ, ಮುಖ ಬೆಳ್ಳಗೆ ಕಾಣಲೆಂದು ಕಿತ್ತಳೆಯ ಹೊಳಪು ಏರಿಸಿ ಸಾಂದ್ರತೆ ಇಳಿಸಿದ್ದಾರೆ. ಚರ್ಮ, ಅರಿಶಿನ, ಚಿನ್ನ ಮೂರೂ ಹೆಚ್ಚುಕಮ್ಮಿ ಅದೇ ಬಣ್ಣದ ಸಾಲಿನವು. ಮುಖ ಸುಣ್ಣವಾಗುವಾಗ ಬಂಗಾರವೂ ಸುಣ್ಣವಾಯಿತು.

ಮೆಸೇಜ್ ಮಾಡಿದೆ. ಮೊದಲ ಉತ್ತರ: “ಅಣ್ಣ ಅದು ಸಿನಿಮ್ಯಾಟಿಕ್ ಲುಕ್, ಈಗ ಅದೇ ನಡೀತದೆ.” ಸೀರೆ ಹಸಿರು ಎಂದೆ. “ನಿಮ್ಮ ಲ್ಯಾಪ್‌ಟಾಪ್ ಡಿಸ್‌ಪ್ಲೇ ಸರಿ ಇಲ್ಲ ಕಾಣ್ತದೆ.” ಎರಡು ಬೇರೆ ಪರದೆಯಲ್ಲಿ ನೋಡಿ ಸ್ಕ್ರೀನ್‌ಶಾಟ್ ಕಳಿಸಿದೆ. “ಮಳೆ ಅಲ್ವಾ ಅಣ್ಣ, ಬೆಳಕೇ ಇರ್ಲಿಲ್ಲ, ನಾನೆಂತ ಮಾಡುದು?” ಬೆಳಕು ಕಮ್ಮಿ ಎಂದು ನಾನು ಮೊದಲೇ ಹೇಳಿದ್ದೆ, ಲೈಟ್ ತರುತ್ತೀರಾ ಎಂದು ಕೇಳಿದ್ದೆ! ಅದಕ್ಕೆ ಉತ್ತರವೇ ಇಲ್ಲ. ರಾ ಫೈಲ್ (ಸೆನ್ಸರ್ ಹಿಡಿದದ್ದನ್ನೆಲ್ಲ ಉಳಿಸಿಕೊಂಡ ಮೂಲ ಫೈಲ್) ಕೊಡಿ, ನಾನೇ ಸರಿ ಮಾಡಿಕೊಳ್ಳುತ್ತೇನೆ ಎಂದೆ. “ರಾ ಕೊಡುದು ನಮ್ಮ ಪಾಲಿಸಿಯಲ್ಲಿ ಇಲ್ಲ.”

ಏನು ಮಾಡಬಹುದಿತ್ತು? ದೊಡ್ಡ ಸಾಮಾನೇನೂ ಬೇಡ. 50 ಎಂಎಂ ಎಫ್ 1.8 ಲೆನ್ಸ್ ಈ ವೃತ್ತಿಯಲ್ಲಿ ಅಗ್ಗದ ಸಾಮಾನು, ಫೋರ್ಟ್ ಕಡೆಯ ಕ್ಯಾಮೆರಾ ಅಂಗಡಿಗಳಲ್ಲಿ ಸಿಗುತ್ತದೆ, ಇಲ್ಲದವರಿಗೆ ಬಾಡಿಗೆಗೂ ಸಿಗುತ್ತದೆ. ಎಫ್ 5.6ಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಎಫ್ 2, 1/100, ಐಎಸ್‌ಒ 1600 ಇಟ್ಟಿದ್ದರೆ ಆ ಸ್ಟೇಜಿಗೆ ಸರಿಹೋಗುತ್ತಿತ್ತು. ಸ್ವಲ್ಪ ಕಾಳು ಬರುತ್ತಿತ್ತು, ಬರಲಿ. ಕಾಳು ಇದ್ದರೂ ಬಳೆ ಬಳೆಯಾಗಿ ಕಾಣುತ್ತದೆ. 1/100 ಯಾಕೆಂದರೆ ನಮ್ಮ ಕರೆಂಟು 50 ಹರ್ಟ್ಜ್, ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಅದಕ್ಕಿಂತ ತುಂಬಾ ವೇಗವಾದರೆ ಒಂದು ಫೋಟೋ ಹಳದಿ, ಮುಂದಿನದ್ದು ಹಸಿರು, ಕೆಲವದರಲ್ಲಿ ಅಡ್ಡಪಟ್ಟಿ. ಇದೆಲ್ಲ ಬೇಡವಾದರೆ ಒಂದು ಫ್ಲ್ಯಾಶ್, ಒಂದು ಸ್ಟ್ಯಾಂಡ್, ಒಂದು ಬಿಳಿ ಅಂಬ್ರೆಲಾ, ಸ್ಟೇಜಿನ ಪಕ್ಕದಿಂದ 45 ಡಿಗ್ರಿಯಲ್ಲಿ. ಸೀಲಿಂಗ್ ಬಿಳಿಯಾಗಿ, ತಗ್ಗಾಗಿ ಇದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಹೊಡೆದರೂ ಸಾಕು. ಮರದ ಫಾಲ್ಸ್ ಸೀಲಿಂಗ್ ಇದ್ದಲ್ಲಿ ಅದು ನಡೆಯುವುದಿಲ್ಲ, ಮರದ ಬಣ್ಣವೇ ಮುಖದ ಮೇಲೆ ಬೀಳುತ್ತದೆ. ಅದೂ ಆಗದಿದ್ದರೆ ಅಜ್ಜಿಯನ್ನೂ ತಂಗಿಯನ್ನೂ ಕಿಟಕಿಯ ಕಡೆ ಮುಖಮಾಡಿ ಕೂರಿಸಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಳೆಯ ದಿನದ ಕಿಟಕಿ ಬೆಳಕಿನಷ್ಟು ಮೆತ್ತಗಿನ ಬೆಳಕು ಸ್ಟುಡಿಯೋದಲ್ಲೂ ಕಷ್ಟಪಟ್ಟೇ ಸಿಗುವುದು. ಫಿಲ್ಮಿನ ಕಾಲದಲ್ಲಿ ಐಎಸ್‌ಒ 400ರ ರೀಲು ಹಾಕಿಕೊಂಡು, ತೆಗೆದದ್ದನ್ನು ಅಲ್ಲೇ ನೋಡುವ ಪರದೆಯೂ ಇಲ್ಲದೆ, ನಮ್ಮ ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರಂಥವರು ಕೆಲಸ ಮಾಡಿದ್ದಾರೆ.

ಎಡಿಟಿಂಗೇ ಬೇಡ ಎಂದು ನಾನು ಹೇಳುತ್ತಿಲ್ಲ. ರಾದಲ್ಲಿ ತೆಗೆದು ವೈಟ್ ಬ್ಯಾಲೆನ್ಸ್ (ಬಿಳಿಯದ್ದು ಬಿಳಿಯಾಗಿಯೇ ಕಾಣುವಂಥ ಬಣ್ಣದ ಹೊಂದಾಣಿಕೆ) ಸರಿ ಮಾಡಿ, ನೆರಳನ್ನು ಒಂದು ಸ್ಟಾಪ್ ಎತ್ತಿ, ನಾಯ್ಸ್ ಸ್ವಲ್ಪ ಇಳಿಸಿದರೆ ಅದು ಕೆಲಸ. ಸೆನ್ಸರಿಗೆ ಬೀಳದ ಮಲ್ಲಿಗೆಯನ್ನು ಎಡಿಟಿಂಗಲ್ಲಿ ಎಲ್ಲಿಂದ ತರುತ್ತಾರೆ?

ಬುಕ್ ಮಾಡುವ ಮೊದಲು ಮಂಕು ಬೆಳಕಿನ ಹಾಲಿನಲ್ಲಿ ತೆಗೆದ, ಎಡಿಟ್ ಮಾಡದ ಹತ್ತು ಫೋಟೋ ಕೇಳಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಬೇಡ, ಸೆಟ್ಟಿಂಗ್ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ರಾ ಫೈಲ್ ಕೊಡುವುದನ್ನು ಅಡ್ವಾನ್ಸಿಗೆ ಮೊದಲೇ ಬರವಣಿಗೆಯಲ್ಲಿ ಹಾಕಿಸಿ. ದೊಡ್ಡ ಪರದೆಯಲ್ಲಿ ಪೂರ್ತಿ ಅಳತೆಗೆ ನೋಡುವ ತನಕ ಅಡ್ವಾನ್ಸಿನ ಮೇಲೆ ಒಂದು ರೂಪಾಯಿ ಕಳಿಸಬೇಡಿ. ನಾನು ಕಳಿಸಿದೆ.

ಮೊನ್ನೆ ಮತ್ತೆ ಫೋನ್ ಮಾಡಿ ರಾ ಕೇಳಿದಾಗ ಕೊನೆಗೂ ನಿಜ ಹೊರಬಂತು. “ಅಣ್ಣ, ರಾ ಇಲ್ಲ. ಜೆಪೆಗ್ ಮಾತ್ರ ತೆಗ್ದದ್ದು. ಕಾರ್ಡ್ ತುಂಬ್ತದೆ ಅಂತ.” ಜೆಪೆಗ್ ಎಂದರೆ ಕ್ಯಾಮೆರಾವೇ ಕುಗ್ಗಿಸಿ ಕೊಡುವ ಚಿಕ್ಕ ಫೈಲ್. 64 ಜಿಬಿ ಕಾರ್ಡು ಅದು, 30 ಎಂಬಿಯ ರಾ ಫೈಲ್ ಆದರೂ ಎರಡು ಸಾವಿರ ಹಿಡಿಯುತ್ತದೆ. ಹಾಗಾದರೆ ಪಾಲಿಸಿ ಎಂದದ್ದು? ಸುಮ್ಮನಾದರು. ಎಡಿಟ್ ಮಾಡದ ಜೆಪೆಗ್ ಆದರೂ ಕೊಡಿ, ಅಜ್ಜಿಯ ಮುಖ ಮಸುಕಾಗಿಯಾದರೂ ಅಜ್ಜಿಯದ್ದೇ ಇರುತ್ತದೆ ಎಂದೆ. “ಅದು ಡಿಲೀಟ್ ಆಗಿದೆ ಅಣ್ಣ, ಮರುದಿನ ಥಾಣೆಯಲ್ಲಿ ಇನ್ನೊಂದು ಫಂಕ್ಷನ್ ಇತ್ತು, ಕಾರ್ಡ್ ಫಾರ್ಮ್ಯಾಟ್ ಮಾಡಿದ್ದು.”

ಬಾಕಿ 6,000 ಕೊಟ್ಟಿಲ್ಲ, ಕೊಡುವುದೂ ಇಲ್ಲ. ಚಿಕ್ಕಮ್ಮನ ಮಗಳು ಕಿಟಕಿಯ ಪಕ್ಕ ನಿಂತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದೆ. ಅದರಲ್ಲಿ ಸೀರೆ ಹಸಿರು, ಬಳೆ ಹಸಿರು. ಅದನ್ನೇ ಪ್ರಿಂಟಿಗೆ ಕೊಟ್ಟಿದ್ದೇನೆ.