ಡಿಬಿಯೊಳಗಿನ ‘ಟಿ’ ಬಟನ್: 30 ಮಿಲಿಆಂಪ್ ಆರ್‌ಸಿಸಿಬಿ ಕೊಳ್ಳುವವರಿಗೆ

ಕರೆಂಟು ನೆಲಕ್ಕೆ ಸೋರಿದರೆ ಲೈನು ಕಡಿಯುವ ಸುರಕ್ಷತಾ ಸ್ವಿಚ್ಚೇ ಆರ್‌ಸಿಸಿಬಿ. ಅದು ಕೂರುವುದು ಡಿಬಿಯಲ್ಲಿ, ಅಂದರೆ ಮನೆಯ ಲೈನುಗಳೆಲ್ಲ ಹೊರಡುವ ಮುಖ್ಯ ಪೆಟ್ಟಿಗೆಯಲ್ಲಿ. ‘ಟಿ’ ಅದರ ಟೆಸ್ಟ್ ಬಟನ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ಆರ್‌ಸಿಸಿಬಿ ಕೊಡಿ’ ಎಂದರೆ ಕೌಂಟರಿನ ಆಚೆಯಿಂದ ‘ಇಎಲ್‌ಸಿಬೀನಾ ಸಾರ್?’ ಎಂದು ಕೇಳುತ್ತಾರೆ. ಹೌದು ಎನ್ನಿ, ತೊಂದರೆಯಿಲ್ಲ. ಹಳೆಯ ಇಎಲ್‌ಸಿಬಿ ಅರ್ಥ್ ತಂತಿಯಲ್ಲಿ ಏರುವ ವೋಲ್ಟೇಜ್ ನೋಡಿ ಕೆಲಸ ಮಾಡುತ್ತಿತ್ತು. ಈಗ ಸಿಗುವುದು ಕರೆಂಟಿನ ಲೆಕ್ಕ ಇಡುವ ಆರ್‌ಸಿಸಿಬಿ. ಹಳೆಯ ಹೆಸರು ಬಾಯಲ್ಲಿ ಉಳಿದಿದೆ, ಅಷ್ಟೆ. ಜಾಗ್ರತೆ ಬೇಕಿರುವುದು ಅವರ ಮುಂದಿನ ಪ್ರಶ್ನೆಗೆ: ‘ಎಷ್ಟು ಆಂಪ್?’

ಏಕೆಂದರೆ ಇದರ ಮೈಮೇಲೆ ಆಂಪ್ ಲೆಕ್ಕ ಎರಡಿವೆ. ಒಂದು 25, 40 ಅಥವಾ 63. ಸ್ವಿಚ್ಚಿನಂತೆ ಅದು ಎಷ್ಟು ಲೋಡ್ ಹೊರಬಲ್ಲದು ಎಂಬುದು ಈ ಅಂಕಿ. ಇನ್ನೊಂದು ಸಣ್ಣ ಅಕ್ಷರದಲ್ಲಿ, ತ್ರಿಕೋನ ಚಿಹ್ನೆಯ ಪಕ್ಕದಲ್ಲಿರುತ್ತದೆ: 0.03, 0.1 ಅಥವಾ 0.3. ಜೀವ ಉಳಿಸುವ ಅಂಕಿ ಈ ಎರಡನೆಯದು. 0.03 ಆಂಪ್ ಅಂದರೆ 30 ಮಿಲಿಆಂಪ್. 0.3 ಅಂದರೆ ಅದರ ಹತ್ತು ಪಟ್ಟು. ಅದು ಬೆಂಕಿ ತಡೆಯಲು ಇರುವುದು, ಮನುಷ್ಯನನ್ನು ಉಳಿಸಲು ಅಲ್ಲ. ಒಂದು ಸೊನ್ನೆ ಕಣ್ತಪ್ಪಿದರೆ ತಪ್ಪು ಮಾಲು ಗೋಡೆಗೆ ಕೂರುತ್ತದೆ, ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ‘30 ಹಾಕಿದ್ರೆ ಸುಮ್‌ಸುಮ್ನೆ ಟ್ರಿಪ್ ಆಗುತ್ತೆ, 100 ಹಾಕಿಬಿಡಿ’ ಎಂಬ ಸಲಹೆ ಮೇಸ್ತ್ರಿಯಿಂದಲೂ ಬರುತ್ತದೆ, ಅಂಗಡಿಯಿಂದಲೂ ಬರುತ್ತದೆ. ಒಪ್ಪಬೇಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಮನೆ ಸಂಪರ್ಕಕ್ಕೆ ಹೇಳುವುದೂ 30 ಮಿಲಿಆಂಪ್ ಮಿತಿಯನ್ನೇ.

ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಆದಾಗ ಬೀಳುವ ಎಂಸಿಬಿ ಇದ್ದಮೇಲೆ ಇದ್ಯಾಕೆ ಎನ್ನುವವರಿಗೆ ಸಣ್ಣ ಲೆಕ್ಕ. ಒದ್ದೆ ಕೈಯಿಂದ ಕಾಲಿನ ತನಕ ದೇಹದ ತಡೆ ಸುಮಾರು 1000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟ್ ಮುಟ್ಟಿದರೆ ಮೈಯೊಳಗೆ ಹರಿಯುವುದು 0.23 ಆಂಪ್. 16 ಆಂಪ್‌ನ ಎಂಸಿಬಿಯ ಕಣ್ಣಿಗೆ ಇದು ಐವತ್ತು ವ್ಯಾಟಿನ ಒಂದು ಬಲ್ಬು. ಬಲ್ಬು ಉರಿಯುತ್ತಿದೆ ಎಂದುಕೊಂಡು ಅದು ತನ್ನ ಪಾಡಿಗೆ ತಾನಿರುತ್ತದೆ. ಆದರೆ 10 ಮಿಲಿಆಂಪ್ ದಾಟುತ್ತಿದ್ದಂತೆ ಹಿಡಿದ ಕೈ ಬಿಡಲು ಆಗುವುದಿಲ್ಲ. 30 ದಾಟಿ ಸೆಕೆಂಡುಗಟ್ಟಲೆ ಹರಿದರೆ ಹೃದಯದ ಬಡಿತ ತಾಳ ತಪ್ಪುವ ಅಪಾಯ ಶುರುವಾಗುತ್ತದೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ.

ಆರ್‌ಸಿಸಿಬಿ ಮಾಡುವುದು ಸರಳ ಕೂಡು ಕಳೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಳಗಿನ ಒಂದು ಉಂಗುರದ ಮೂಲಕ ಹಾದುಹೋಗುತ್ತವೆ. ಹೋದ ಕರೆಂಟು ಪೂರ್ತಿ ವಾಪಸು ಬಂದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ರದ್ದು ಮಾಡುತ್ತವೆ. ಒಂದಿಷ್ಟು ಗೀಸರಿನ ಮೈಯಿಂದಲೋ ನಿಮ್ಮ ಮೈಯಿಂದಲೋ ನೆಲಕ್ಕೆ ಸೋರಿದರೆ ಆ ವ್ಯತ್ಯಾಸ ರಿಲೇಯನ್ನು ಬಿಡಿಸುತ್ತದೆ. 30 ಮಿಲಿಆಂಪ್ ಸೋರಿಕೆಗೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟಾದ 150ಕ್ಕೆ 0.04 ಸೆಕೆಂಡಿನೊಳಗೆ ಕಡಿಯಬೇಕೆಂಬುದು ಮಾನದಂಡ. ಮೇಲಿನ 0.23 ಆಂಪ್ ಉದಾಹರಣೆಯಲ್ಲಿ ಅದಕ್ಕೆ ಸಿಗುವುದು 50 ಹರ್ಟ್ಸ್ ಕರೆಂಟಿನ ಎರಡೇ ಸುತ್ತು. ಗಮನಿಸಿ, ಇದು ಶಾಕ್‌ನ ಅವಧಿಯನ್ನು ಮೊಟಕು ಮಾಡುತ್ತದೆ, ಹೊಡೆತದ ಬಲವನ್ನಲ್ಲ. ಜುಮ್ ಎಂದು ಹೊಡೆಯುವುದು ಹೊಡೆದೇ ಹೊಡೆಯುತ್ತದೆ. ‘ಹಾಕಿಸಿದ್ರೂ ಶಾಕ್ ಹೊಡೀತು, ಮಾಲು ಡೂಪ್ಲಿಕೇಟು’ ಎಂಬ ದೂರಿಗೆ ಕಾರಣ ಬಹಳ ಸಲ ಇದೇ. ಹೊಡೆದು, ಬಿಟ್ಟು, ಡಿಬಿಯಲ್ಲಿ ಲಿವರ್ ಕೆಳಗೆ ಬಿದ್ದಿದ್ದರೆ ಅದು ತನ್ನ ಕೆಲಸ ಮಾಡಿದೆ.

ಶಾಕ್ ಹೊಡೆಯದೆಯೇ ಟ್ರಿಪ್ ಆಗಬೇಕೆಂದರೆ ಅರ್ಥಿಂಗ್ ಬೇಕು. ಅರ್ಥ್ ಸರಿಯಿರುವ ಮನೆಯಲ್ಲಿ ಗೀಸರ್ ಕಾಯಿಲ್ ಸೀಳಿದರೆ ಸೋರಿಕೆ ಅರ್ಥ್ ತಂತಿಯಲ್ಲೇ ಹರಿದು, ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಯಾರೂ ನಲ್ಲಿ ಮುಟ್ಟಿರುವುದಿಲ್ಲ. ಅರ್ಥ್ ಇಲ್ಲದ ಮನೆಯಲ್ಲಿ ಸೋರಿಕೆಗೆ ದಾರಿಯೇ ಇಲ್ಲ. ಒದ್ದೆ ನೆಲದಲ್ಲಿ ನಿಂತವರು ನಲ್ಲಿ ಮುಟ್ಟಿದಾಗ ಅವರ ಮೈಯೇ ಆ ದಾರಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಕಾಯಿಲ್ ಮೇಲೆ ಸುಣ್ಣ ದಪ್ಪಗೆ ಕಟ್ಟಿ, ಶಾಖ ಹೊರಗೆ ಹೋಗದೆ ಹೊದಿಕೆ ಸೀಳುವುದು ಮಾಮೂಲಿ. ಪೈಪು ಪ್ಲಾಸ್ಟಿಕ್ಕಿನದೆಂದು ಧೈರ್ಯ ಪಡುವ ಹಾಗಿಲ್ಲ, ಒಳಗಿನ ನೀರು ಕರೆಂಟು ಒಯ್ಯುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿಬಿಡುವ ಎರಡು ಪಿನ್ನಿನ ಹೀಟರ್ ರಾಡಂತೂ ಇನ್ನೂ ಕೆಟ್ಟದ್ದು. ಕೈ ಅದ್ದುವ ತನಕ ಅಲ್ಲಿ ಸೋರಿಕೆ ಇದೆಯೆಂದು ಆರ್‌ಸಿಸಿಬಿಗೂ ತಿಳಿಯುವುದಿಲ್ಲ.

ಇನ್ನು ಕೂರಿಸುವ ಕೆಲಸ. ಈ ಮಾಲಿಗೆ ಬರುವ ಕೆಟ್ಟ ಹೆಸರಿನ ಬಹುಪಾಲು ಹುಟ್ಟುವುದು ಇಲ್ಲೇ. ಆರ್‌ಸಿಸಿಬಿಯಿಂದ ಹೊರಟ ಫೇಸಿಗೆ ಅದೇ ಆರ್‌ಸಿಸಿಬಿಯ ನ್ಯೂಟ್ರಲ್ಲೇ ಜೋಡಿಯಾಗಬೇಕು. ಅಂದರೆ ಡಿಬಿಯಲ್ಲಿ ಪ್ರತಿ ಆರ್‌ಸಿಸಿಬಿಗೂ ಪ್ರತ್ಯೇಕ ನ್ಯೂಟ್ರಲ್ ಲಿಂಕ್. ಹಳೆಯ ಮನೆಗಳಲ್ಲಿ ಎಲ್ಲ ನ್ಯೂಟ್ರಲ್ಲುಗಳೂ ಒಂದೇ ಪಟ್ಟಿಗೆ ಬಂದು ಸೇರಿರುತ್ತವೆ. ಮೆಟ್ಟಿಲ ಟೂ ವೇ ಲೈಟಿಗೆ ಕೆಳಮನೆಯಿಂದ ಫೇಸ್, ಮೇಲ್ಮನೆಯಿಂದ ನ್ಯೂಟ್ರಲ್ ಎಳೆದಿರುತ್ತಾರೆ. ಎಲ್ಲೋ ಒಂದು ಜಂಕ್ಷನ್ ಬಾಕ್ಸಿನಲ್ಲಿ, ನ್ಯೂಟ್ರಲ್ ಸಿಗಲಿಲ್ಲವೆಂದು ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿಕೊಂಡಿರುತ್ತಾರೆ. ಇಂಥ ಮನೆಗೆ ಆರ್‌ಸಿಸಿಬಿ ಹಾಕಿದರೆ ಲೈಟ್ ಹಾಕಿದಾಗಲೆಲ್ಲ ಬೀಳುತ್ತದೆ. ಆಗ ಮೇಸ್ತ್ರಿ ಅದನ್ನು ಬೈಪಾಸ್ ಮಾಡಿ, ಪೆಟ್ಟಿಗೆಯನ್ನು ಅಲಂಕಾರಕ್ಕೆ ಅಲ್ಲೇ ಬಿಡುತ್ತಾನೆ. ಅದು ಪೆಟ್ಟಿಗೆಯ ದೋಷವಲ್ಲ, ಇಪ್ಪತ್ತು ವರ್ಷ ಮುಚ್ಚಿಟ್ಟ ವೈರಿಂಗ್ ದೋಷವನ್ನು ಅದು ಎತ್ತಿ ತೋರಿಸಿದೆ.

ಯುಪಿಎಸ್ ಇರುವ ಮನೆಯಲ್ಲಿ ಇದೇ ಗೋಳು ಇನ್ನೊಂದು ರೂಪದಲ್ಲಿ. ಯುಪಿಎಸ್‌ಗೆ ಫೇಸ್ ಆರ್‌ಸಿಸಿಬಿಗೆ ಮುಂಚೆ ತೆಗೆದು, ಆ ಲೈಟುಗಳ ನ್ಯೂಟ್ರಲ್ಲನ್ನು ಆರ್‌ಸಿಸಿಬಿಯ ನಂತರದ ಪಟ್ಟಿಗೆ ಕೊಟ್ಟರೆ ಲೆಕ್ಕ ಎಂದೂ ಹೊಂದುವುದಿಲ್ಲ. ಯುಪಿಎಸ್ ಔಟ್‌ಪುಟ್ಟಿಗೆ ಬೇರೆ ಆರ್‌ಸಿಸಿಬಿ, ಬೇರೆ ನ್ಯೂಟ್ರಲ್ ಪಟ್ಟಿ ಕೊಡುವುದು ಸರಿಯಾದ ದಾರಿ. ಬ್ಯಾಟರಿಯಲ್ಲಿ ಓಡುವಾಗ ಮೊದಲ ಆರ್‌ಸಿಸಿಬಿ ಆ ಲೈನುಗಳನ್ನು ಕಾಯುತ್ತದೆಂದು ನಂಬಬೇಡಿ.

ವೈರಿಂಗ್ ಸರಿಯಿದ್ದೂ ಟ್ರಿಪ್ ಆಗುತ್ತಿದ್ದರೆ ಹುಡುಕುವ ಕ್ರಮ ಹೀಗೆ. ಮೊದಲು ಎಲ್ಲ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದು ಫೇಸನ್ನಷ್ಟೇ ಕಡಿಯುತ್ತದೆ. ಎಲ್ಲ ಎಂಸಿಬಿ ಕೆಳಗಿಳಿಸಿ ಆರ್‌ಸಿಸಿಬಿ ಎತ್ತಿ. ಆಗ ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತ ಹೋಗಿ, ಬೀಳಿಸುವ ಲೈನು ತಾನಾಗಿ ಸಿಗುತ್ತದೆ. ಎಲ್ಲ ಎಂಸಿಬಿ ಆಫ್ ಇದ್ದೂ ಬಿದ್ದರೆ ಎಲ್ಲೋ ನ್ಯೂಟ್ರಲ್ ಅರ್ಥಿಗೆ ತಾಗುತ್ತಿದೆ ಎಂದರ್ಥ. ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ಲನ್ನು ಕಡಿಯುವುದಿಲ್ಲವಲ್ಲ. ಇಲ್ಲಿಂದ ಮುಂದಿನದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ: ಮೇನ್ ಆಫ್ ಮಾಡಿ, ನ್ಯೂಟ್ರಲ್ಲುಗಳನ್ನು ಪಟ್ಟಿಯಿಂದ ಬಿಡಿಸಿ, 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ಒಂದೊಂದನ್ನೂ ಅರ್ಥಿಗೆ ಅಳೆಯುವುದು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಲೈನನ್ನು ಹಿಡಿದುಕೊಂಡು ಹೋಗಬೇಕು. ಮಳೆಗಾಲದಲ್ಲಿ ಮಾತ್ರ ಬೀಳುತ್ತಿದ್ದರೆ ಮೊದಲು ನೋಡಬೇಕಾದ್ದು ಹೊರಗಿನ ಗೇಟ್ ಲೈಟು, ತಾರಸಿಯ ಪೈಪಿನ ಬಾಯಿ, ಸಂಪಿನ ಮೋಟರು.

ಹತ್ತಾರು ಉಪಕರಣ ಇರುವ ಮನೆಯಲ್ಲಿ ಯಾವುದೂ ಕೆಡದೆಯೂ ಬೀಳಬಹುದು. ಕಂಪ್ಯೂಟರ್, ಟಿವಿ, ವಾಷಿಂಗ್ ಮಷಿನ್ ಇವುಗಳ ಒಳಗಿನ ಫಿಲ್ಟರ್ ಒಂದಿಷ್ಟು ಕರೆಂಟನ್ನು ಅರ್ಥಿಗೆ ಬಿಡುತ್ತಲೇ ಇರುತ್ತದೆ. ಎಲ್ಲ ಕೂಡಿ 10 ಮಿಲಿಆಂಪ್ ಮುಟ್ಟಬಹುದು, ಉಪಕರಣ ಹೆಚ್ಚಿದಂತೆ ಅದಕ್ಕೂ ಮೇಲೆ ಹೋಗಬಹುದು. 30ರ ಆರ್‌ಸಿಸಿಬಿಗೆ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳುವ ಅಧಿಕಾರವಿದೆ. ಇದಕ್ಕೆ ಮದ್ದು 100ರದ್ದು ಹಾಕುವುದಲ್ಲ, ಮನೆಯನ್ನು ಎರಡು ಮೂರು ಆರ್‌ಸಿಸಿಬಿಗೆ ಹಂಚುವುದು.

ಕೊಳ್ಳುವಾಗ ನೋಡಬೇಕಾದ ಇನ್ನೊಂದು ಗುರುತು ‘ಟೈಪ್’. ಬರೀ ಅಲೆಯ ಚಿತ್ರ ಇದ್ದರೆ ಅದು ಎಸಿ ಟೈಪ್. ಅಲೆಯ ಕೆಳಗೆ ಅರ್ಧ ಅಲೆಗಳ ಸಾಲೂ ಇದ್ದರೆ ಎ ಟೈಪ್. ಅಂಗಡಿಯಲ್ಲಿ ಕೇಳದಿದ್ದರೆ ಕೊಡುವುದು ಸಾಮಾನ್ಯವಾಗಿ ಎಸಿ ಟೈಪನ್ನೇ. ಇನ್ವರ್ಟರ್ ಎಸಿ, ಇಂಡಕ್ಷನ್ ಒಲೆ, ಹೊಸ ವಾಷಿಂಗ್ ಮಷಿನ್ ಇರುವ ಲೈನಿಗೆ ಎ ಟೈಪ್ ಬೇಕು. ಇವುಗಳಿಂದ ಸೋರುವ ಕರೆಂಟು ಡಿಸಿ ಬೆರೆತದ್ದು, ಎಸಿ ಟೈಪಿನ ಉಂಗುರವನ್ನು ಅದು ಮಂಕು ಮಾಡಿಬಿಡಬಲ್ಲದು. ಬೆಲೆ ಹೆಚ್ಚು, ಆದರೆ ಈಗಿನ ಮನೆಗಳಿಗೆ ಎ ಟೈಪೇ ಸರಿಯಾದ ಖರೀದಿ ಎಂಬುದು ನಮ್ಮ ಅಭಿಪ್ರಾಯ.

ಹ್ಯಾವೆಲ್ಸ್, ಲೆಗ್ರಾಂಡ್, ಶ್ನೈಡರ್, ಎಬಿಬಿ, ಸೀಮೆನ್ಸ್ ಹೀಗೆ ಬ್ರಾಂಡುಗಳಿಗೆ ಕೊರತೆಯಿಲ್ಲ. ಮನೆ ಬಳಕೆಗೆ ಇವುಗಳ ನಡುವೆ ತಲೆ ಕೆಡಿಸಿಕೊಳ್ಳುವಷ್ಟು ವ್ಯತ್ಯಾಸ ಕಾಣುವುದಿಲ್ಲ. ಡಿಬಿ ಯಾವ ಕಂಪನಿಯದೋ ಆರ್‌ಸಿಸಿಬಿಯೂ ಅದೇ ಆದರೆ ಬಸ್‌ಬಾರ್, ಮುಚ್ಚಳ ಸರಿಯಾಗಿ ಕೂರುತ್ತವೆ. ಐಎಸ್‌ಐ ಗುರುತು, ಐಎಸ್ 12640 ಎಂಬ ಸಂಖ್ಯೆ ಇದೆಯೇ ನೋಡಿ. ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನದೆಂದು ತಿಳಿಯುತ್ತದೆ. ಬ್ರಾಂಡಿಗಿಂತ ಮುಖ್ಯವಾದದ್ದು ಒಳಗಿನ ರಿಲೇ. ಸೋರಿಕೆಯ ಶಕ್ತಿಯಿಂದಲೇ ಬೀಳುವ ಎಲೆಕ್ಟ್ರೋಮೆಕಾನಿಕಲ್ ಮಾದರಿ ನ್ಯೂಟ್ರಲ್ ಕಡಿದುಹೋದಾಗಲೂ ಕೆಲಸ ಮಾಡುತ್ತದೆ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವುದಕ್ಕೆ ಕರೆಂಟು ಬೇಕು. ನ್ಯೂಟ್ರಲ್ ಹೋಗಿ ಫೇಸ್ ಜೀವಂತ ಇದ್ದಾಗ ಅದು ಮಲಗಿಬಿಡಬಹುದು. ಡಬ್ಬಿಯಿಂದ ತೆಗೆದ, ಇನ್ನೂ ಎಲ್ಲೂ ಕೂರಿಸದ ಆರ್‌ಸಿಸಿಬಿಯ ಲಿವರ್ ಎತ್ತಿ, ಒಂದು ಪೋಲಿನ ಮೇಲಿನ ಮತ್ತು ಕೆಳಗಿನ ಟರ್ಮಿನಲ್ಲಿಗೆ 1.5 ವೋಲ್ಟ್ ಸೆಲ್ ಎರಡು ತುಂಡು ವೈರಿನಿಂದ ತಾಗಿಸಿ. ಬೀಳದಿದ್ದರೆ ಸೆಲ್ ಉಲ್ಟಾ ಮಾಡಿ. ಟಕ್ಕೆಂದು ಬಿದ್ದರೆ ಅದು ಮೊದಲ ಜಾತಿಯದು.

ಆರ್‌ಸಿಸಿಬಿಗೆ ಓವರ್‌ಲೋಡೂ ಗೊತ್ತಿಲ್ಲ, ಶಾರ್ಟ್ ಸರ್ಕ್ಯೂಟೂ ಗೊತ್ತಿಲ್ಲ. ಎರಡಕ್ಕೂ ಮುಂದೆ ಎಂಸಿಬಿ ಇರಲೇಬೇಕು, ಅದರ ಆಂಪ್ ಆರ್‌ಸಿಸಿಬಿಯದಕ್ಕಿಂತ ಹೆಚ್ಚಿರಬಾರದು: 40ರ ಆರ್‌ಸಿಸಿಬಿಗೆ 32 ಅಥವಾ 40ರ ಡಬಲ್ ಪೋಲ್ ಎಂಸಿಬಿ. ಎರಡೂ ಒಂದರಲ್ಲೇ ಬೇಕೆಂದರೆ ಆರ್‌ಸಿಬಿಒ ಸಿಗುತ್ತದೆ. ಆರ್‌ಸಿಸಿಬಿ ಕಾಯದ ಜಾಗಗಳೂ ಗೊತ್ತಿರಲಿ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನು ಅದರ ಪಾಲಿಗೆ ಒಂದು ಬಲ್ಬು. ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರು ಸವೆದು ತಗಡಿನ ಚಾವಣಿಗೋ ಬಟ್ಟೆ ಒಣಗಿಸುವ ತಂತಿಗೋ ತಾಗಿದರೆ ಅದು ಆರ್‌ಸಿಸಿಬಿಗಿಂತ ಹಿಂದಿನ ಮಾತು. ಮುಟ್ಟದೆ 1912ಕ್ಕೆ ಫೋನ್ ಮಾಡಬೇಕು.

‘ಟಿ’ ಬಟನ್ ತಿಂಗಳಿಗೊಮ್ಮೆ ಒತ್ತಿ. ವರ್ಷಗಟ್ಟಲೆ ಅಲುಗಾಡದ ರಿಲೇ ಅಂಟಿಕೊಳ್ಳುತ್ತದೆ. ಒತ್ತಿದಾಗ ಬೀಳದಿದ್ದರೆ, ಕರೆಂಟು ಇದ್ದು ವೈರಿಂಗೂ ಸರಿಯಿದ್ದರೆ, ಬದಲಾಯಿಸಿ. ರಿಪೇರಿ ಎಂಬುದು ಇದಕ್ಕಿಲ್ಲ. ಆದರೆ ಈ ಬಟನ್ ಅರ್ಥಿಂಗ್ ಪರೀಕ್ಷಿಸುವುದಿಲ್ಲ. ಒಳಗಿನ ಒಂದು ರೆಸಿಸ್ಟರ್ ಮೂಲಕ ಉಂಗುರದ ಹೊರಗಿನಿಂದ ಕರೆಂಟು ಹಾಯಿಸಿ ಸುಳ್ಳು ಸೋರಿಕೆ ಹುಟ್ಟಿಸುತ್ತದೆ, ಅಷ್ಟೆ. ಅರ್ಥೇ ಇಲ್ಲದ ಮನೆಯಲ್ಲೂ ಬಟನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಥ್ ನೋಡಲು ಮೂರು ದೀಪದ ಸಾಕೆಟ್ ಟೆಸ್ಟರ್ ಸಿಗುತ್ತದೆ, ಆರ್‌ಸಿಸಿಬಿ ಬೀಳಿಸುವ ಬಟನ್ ಇರುವುದನ್ನೇ ಕೊಳ್ಳಿ. ಒಂದೊಂದು ಸಾಕೆಟ್ಟಿಗೂ ಚುಚ್ಚಿ ಒತ್ತಿದಾಗ ಡಿಬಿಯಲ್ಲಿ ಬೀಳದಿದ್ದರೆ ಆ ಸಾಕೆಟ್ಟಿನ ಅರ್ಥ್ ಎಲ್ಲೋ ತುಂಡಾಗಿದೆ.

ಸಿಂಗಲ್ ಫೇಸಿನ ಎರಡು ಬೆಡ್‌ರೂಮ್ ಮನೆಗೆ ಆರಿಸುವುದಾದರೆ: ಲೈಟು ಮತ್ತು ಸಾಮಾನ್ಯ ಪ್ಲಗ್ಗುಗಳಿಗೆ 40 ಆಂಪ್, 30 ಮಿಲಿಆಂಪ್, ಎ ಟೈಪ್ ಡಬಲ್ ಪೋಲ್ ಒಂದು. ಗೀಸರಿಗೆ ಪ್ರತ್ಯೇಕ ಆರ್‌ಸಿಬಿಒ, ಕಾಯಿಲ್ ಕೆಟ್ಟ ದಿನ ಮನೆಯೆಲ್ಲ ಕತ್ತಲಾಗಬಾರದು. ಮೋಟರಿಗೆ ಇನ್ನೊಂದು. ಊರಿಗೆ ಹೋದಾಗ ಫ್ರಿಜ್ಜಿನ ಹಾಲು ಕೆಡಬಾರದೆಂದರೆ ಅದಕ್ಕೂ ಪ್ರತ್ಯೇಕ ಲೈನು, ಅದಕ್ಕೂ 30ರದ್ದೇ. ಮೂರು ಫೇಸಿನ ಮನೆಗೆ ಒಂದೇ ಫೋರ್ ಪೋಲ್ ಹಾಕುವುದು ಅಗ್ಗ, ಆದರೆ ಒಂದು ಮಿಕ್ಸಿ ಸೋರಿದರೆ ಮೂರೂ ಫೇಸ್ ಹೋಗುತ್ತವೆ. ಪ್ರತಿ ಫೇಸಿಗೂ ಆರ್‌ಸಿಸಿಬಿ, ನ್ಯೂಟ್ರಲ್ ಪಟ್ಟಿ ಬೇರೆಬೇರೆ ಇರುವ ಪರ್ ಫೇಸ್ ಐಸೊಲೇಷನ್ ಡಿಬಿ ಕೇಳಿ. ಕಾಸು ಕಡಿಮೆಯಿದ್ದು ಒಂದನ್ನೇ ಕೊಳ್ಳುವ ಹಾಗಿದ್ದರೆ ಅದು ಮೊದಲು ಬಚ್ಚಲುಮನೆಯ ಲೈನಿಗೆ ಹೋಗಲಿ.