ಕಾರ್ ಸೀಟು ಕೊಳ್ಳುವ ಮುನ್ನ ಅಂಗಡಿಯವರನ್ನು ನಿಮ್ಮ ಕಾರಿನ ಬಳಿ ಕರೆತನ್ನಿ

ಮೈಸೂರಿನ ದೇವರಾಜ ಅರಸು ರಸ್ತೆಯ ಮಕ್ಕಳ ಸಾಮಾನಿನ ಅಂಗಡಿಗಳಲ್ಲಿ ಕಾರ್ ಸೀಟು ಕೇಳಿದರೆ ಮೊದಲು ತೋರಿಸುವುದು ಬಣ್ಣ, ಆಮೇಲೆ ಮೆತ್ತೆ. ಅದು ನಿಮ್ಮ ಕಾರಿನಲ್ಲಿ ಸರಿಯಾಗಿ ಕೂರುತ್ತದೆಯೇ ಎಂಬ ಪ್ರಶ್ನೆಯನ್ನು ನೀವೇ ಎತ್ತಬೇಕು. ಮೊಮ್ಮಗಳಿಗಾಗಿ ನಾನು ಕೊಂಡದ್ದು ಹುಟ್ಟಿನಿಂದ 18 ಕೆ.ಜಿ. ತೂಕದವರೆಗೆ ಬರುವ ಸೀಟು. ಮೊದಲು ಹಿಮ್ಮುಖವಾಗಿ, ದೊಡ್ಡವಳಾದ ಮೇಲೆ ಮುಮ್ಮುಖವಾಗಿ ಕೂರಿಸಬಹುದು. ಬೆಲೆ ಹತ್ತು ಸಾವಿರದ ಆಸುಪಾಸು. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನೀವು ಕೂತಲ್ಲಿಂದಲೇ ಮೊಬೈಲ್‌ನಲ್ಲಿ ತರಿಸಿಬಿಡುತ್ತೀರಿ. ನಮ್ಮ ಕಾರಿಗೆ ಹೇಳಿ ಮಾಡಿಸಿದಂತೆ ಕೂತದ್ದು ನಿಮ್ಮ ಕಾರಿನಲ್ಲಿ ವಾಲಾಡಬಹುದು.

ಈ ಖರ್ಚಿನ ಬಗ್ಗೆ ತಕರಾರು ಎದ್ದದ್ದು ಮಂಡ್ಯದಿಂದ. "ಅಜ್ಜಿಯ ಮಡಿಲಿರುವಾಗ ಹಸುಗೂಸನ್ನು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕಟ್ಟಿಹಾಕುತ್ತೀರಾ?" ಎಂದು ಬೀಗಿತ್ತಿಯವರು ಕೇಳಿದರು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು. ಸುಮ್ಮನಿರಲಾಗದೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 7 ಕೆ.ಜಿ. ಮಗುವನ್ನು ಹಿಡಿದಿಟ್ಟುಕೊಳ್ಳಲು 100 ಕೆ.ಜಿ. ಭಾರ ತಡೆಯುವಷ್ಟು ಬಲ ಬೇಕು. "ನನ್ನ ಕೈಯಲ್ಲಿ ಒಂದು ಮೂಟೆ ಅಕ್ಕಿ ಎತ್ತುವುದಕ್ಕೇ ಆಗುವುದಿಲ್ಲ, ಬಿಡಿ ಬೀಗರೇ" ಎಂದರು ಅವರು. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ 14 ವರ್ಷ ತುಂಬದ ಮಗು ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟು ಇಲ್ಲದೆ ಕಾರಿನಲ್ಲಿದ್ದರೆ 1,000 ರೂಪಾಯಿ ದಂಡ. ದಂಡದ ಭಯಕ್ಕೆ ಯಾರೂ ಕೊಳ್ಳುವುದಿಲ್ಲ, ಆ ಮಾತು ಬೇರೆ.

ಮೊದಲು ಹೋದ ಅಂಗಡಿಯಲ್ಲಿ ಡಬ್ಬ ಬಿಚ್ಚಲೂ ಒಪ್ಪಲಿಲ್ಲ. "ಎಲ್ಲ ಕಾರಿಗೂ ಆಗುತ್ತದೆ ಸಾರ್" ಎಂಬ ಒಂದೇ ಮಾತು. ಮಗುವಿಗೆ ಒಂಬತ್ತು ತಿಂಗಳಾದರೆ ಮುಂದಕ್ಕೆ ತಿರುಗಿಸಿ ಕೂರಿಸಿ ಎಂಬ ಸಲಹೆ ಬೇರೆ. ಹಸುಗೂಸಿನ ತಲೆ ಮೈಗಿಂತ ಭಾರ ಎನ್ನಿಸುವಷ್ಟು ದೊಡ್ಡದು, ಕತ್ತು ಎಳೆಯದು. ಹಿಮ್ಮುಖವಾಗಿ ಕೂತಿದ್ದರೆ ಡಿಕ್ಕಿಯ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಯುರೋಪಿನ ಹೊಸ ಮಾನದಂಡವಾದ ಆರ್129 ಹದಿನೈದು ತಿಂಗಳು ತುಂಬುವವರೆಗೆ ಹಿಮ್ಮುಖವೇ ಕಡ್ಡಾಯ ಎನ್ನುತ್ತದೆ. ಸೀಟಿನ ಮಿತಿ ಮೀರುವವರೆಗೂ ಹಾಗೆಯೇ ಕೂರಿಸಿದರೆ ಇನ್ನೂ ಒಳ್ಳೆಯದು.

ನಾನು ಕೊಂಡದ್ದು ಅದೇ ರಸ್ತೆಯ ಇನ್ನೊಂದು ಅಂಗಡಿಯಲ್ಲಿ. ಅಲ್ಲಿಯ ಹುಡುಗ ಬೇಸರಪಟ್ಟುಕೊಳ್ಳದೆ ಸೀಟುಗಳನ್ನು ಹೊತ್ತು ಕಾರಿನವರೆಗೆ ಬಂದ. ನಮ್ಮದು 2012ರ ಸಣ್ಣ ಕಾರು. ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಕಬ್ಬಿಣದ ಕೊಂಡಿಗಳಿಲ್ಲ, ಬೆಲ್ಟಿನಿಂದಲೇ ಕಟ್ಟಬೇಕು. ಒಂದು ಸೀಟನ್ನು ಹಿಮ್ಮುಖವಾಗಿಟ್ಟು ಬೆಲ್ಟ್ ಸುತ್ತಿದರೆ ಅದರ ನಾಲಿಗೆ ಬಕಲ್ ಮುಟ್ಟಲಿಲ್ಲ, ಗೇಣುದ್ದ ಕಡಿಮೆ. ಇನ್ನೊಂದರಲ್ಲಿ ಬೆಲ್ಟ್ ಎಟುಕಿತು, ಆದರೆ ಬಕಲ್ ಬಂದು ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಅಡ್ಡಡ್ಡ ಕೂತಿತು. ಹೀಗಾದರೆ ಎಷ್ಟೇ ಜಗ್ಗಿದರೂ ಬಿಗಿ ನಿಲ್ಲುವುದಿಲ್ಲ, ಅಪಘಾತದಲ್ಲಿ ಬಕಲ್ ಮುರಿಯಲೂಬಹುದು. ಇದು ಡಬ್ಬದ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಕೊನೆಗೆ ಒಪ್ಪಿದ ಸೀಟಿನಲ್ಲಿ ಬೆಲ್ಟನ್ನು ಕಚ್ಚಿ ಹಿಡಿಯುವ ಒಂದು ಕ್ಲಿಪ್ ಇದೆ. ನಮ್ಮ ಕಾರಿನ ಬೆಲ್ಟ್ ಜರ್ಕ್ ಹೊಡೆದಾಗ ಮಾತ್ರ ಬಿಗಿಯುತ್ತದೆ, ಮೆಲ್ಲಗೆ ಎಳೆದರೆ ಸಡಿಲವಾಗುತ್ತದೆ. ಹಾಗಾಗಿ ಈ ಕ್ಲಿಪ್ ಇಲ್ಲದ ಸೀಟು ನನಗೆ ಬೇಡವೇ ಬೇಡ.

ಕೊಳ್ಳುವಾಗ ಕಿತ್ತಳೆ ಬಣ್ಣದ ಚೀಟಿ ನೋಡಿ. ಅದರಲ್ಲಿ ವೃತ್ತದೊಳಗೆ 'ಇ' ಅಕ್ಷರ ಮತ್ತು ಒಪ್ಪಿಗೆ ಕೊಟ್ಟ ದೇಶದ ಅಂಕಿ ಇರುತ್ತದೆ. 4 ಎಂದರೆ ನೆದರ್ಲೆಂಡ್ಸ್. ನಮ್ಮ ದೇಶದ ಮಾನದಂಡ ಎಐಎಸ್-072. ಎರಡರಲ್ಲಿ ಒಂದೂ ಇಲ್ಲದಿದ್ದರೆ ಅದು ಬರೀ ಕುರ್ಚಿ.

ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇದ್ದರೆ ಹಿಮ್ಮುಖ ಸೀಟನ್ನು ಅಲ್ಲಿಡಲೇಬಾರದು. ನಮ್ಮ ಕಾರಿನ ಹಿಂಬದಿಯ ನಡುವೆ ಸೊಂಟದ ಬೆಲ್ಟ್ ಮಾತ್ರ ಇದೆ, ಅದು ಈ ಸೀಟಿಗೆ ಸಾಲದು. ಆದ್ದರಿಂದ ಎಡಬದಿಯಲ್ಲಿ ಕಟ್ಟಿದೆವು. ಮಗುವನ್ನು ಫುಟ್‌ಪಾತಿನ ಕಡೆಯಿಂದಲೇ ಎತ್ತಿಕೊಳ್ಳಬಹುದು ಎಂಬುದು ಲಾಭ. ಬೆಲ್ಟನ್ನು ನೀಲಿ ಗುರುತಿನ ಕಿಂಡಿಗಳಲ್ಲಿ ಹಾಯಿಸಬೇಕು; ಕೆಂಪು ಗುರುತು ಮುಮ್ಮುಖಕ್ಕೆ. ಅಳಿಯ ಮಂಡಿಯೂರಿ ಸೀಟಿನ ಮೇಲೆ ಪೂರ್ತಿ ಭಾರ ಬಿಟ್ಟ, ನಾನು ಬೆಲ್ಟ್ ಜಗ್ಗಿ ಕ್ಲಿಪ್ ಹಾಕಿದೆ. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಮೇಲಿನ ತುದಿ ಹಿಡಿದು ಅಲುಗಿಸಿದರೆ ಎಲ್ಲ ಹಿಮ್ಮುಖ ಸೀಟೂ ಸ್ವಲ್ಪ ಅಲುಗುತ್ತದೆ, ಅದಕ್ಕೆ ಗಾಬರಿ ಬೇಡ.

ಓರೆಯ ವಿಷಯಕ್ಕೆ ಸಹನೆ ಬೇಕು. ಸೀಟು ನೆಟ್ಟಗಾದರೆ ಎಳೆಮಗುವಿನ ಗಲ್ಲ ಎದೆಗೆ ಬಿದ್ದು ಉಸಿರಾಟಕ್ಕೆ ತೊಂದರೆಯಾಗುತ್ತದೆ. ಪಕ್ಕದಲ್ಲಿರುವ ಗೆರೆ ನೆಲಕ್ಕೆ ಸಮಾಂತರವಾಗಿರಬೇಕು. ಆದರೆ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಕಾರು ನಿಲ್ಲುವ ಜಾಗ ಗೇಟಿನ ಕಡೆಗೆ ಇಳಿಜಾರು, ಅಲ್ಲಿ ಆ ಗೆರೆ ಸುಳ್ಳು ಹೇಳುತ್ತದೆ. ಕಾರನ್ನು ರಸ್ತೆಗೆ ತಂದು, ಗಾರೆಯವರ ರಸಮಟ್ಟವಿಟ್ಟು ನೆಲ ಸಮವಿದೆ ಎಂದು ನೋಡಿಕೊಂಡು ಸೀಟಿನ ಓರೆ ಹೊಂದಿಸಿದೆ. ಹಾದುಹೋದವರು ಕಾರಿಗೆ ಗೋಡೆ ಕಟ್ಟುತ್ತಿದ್ದಾರೆ ಎಂದುಕೊಂಡಿರಬೇಕು.

ಭುಜದ ಪಟ್ಟಿ ಹಿಮ್ಮುಖದಲ್ಲಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಕೆಳಗಿನಿಂದ ಬರಬೇಕು. ಬಿಗಿದ ಮೇಲೆ ಪಟ್ಟಿಯನ್ನು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ನನ್ನ ಹೆಂಡತಿ ಉಣ್ಣೆಯ ಸ್ವೆಟರ್, ಅದರ ಮೇಲೆ ಟೋಪಿ, ಅದರ ಮೇಲೆ ಶಾಲು ಎಂದು ಮಗುವನ್ನು ಸುತ್ತಿ ತರುತ್ತಾಳೆ. ದಪ್ಪ ಬಟ್ಟೆಯ ಮೇಲೆ ಪಟ್ಟಿ ಬಿಗಿದಂತೆ ಕಂಡರೂ ಒಳಗೆ ಸಡಿಲವೇ. ತೆಳು ಬಟ್ಟೆಯಲ್ಲಿ ಕಟ್ಟಿ, ಶಾಲನ್ನು ಪಟ್ಟಿಯ ಮೇಲೆ ಹೊದಿಸುವುದು ಎಂದು ಒಪ್ಪಂದವಾಗಿದೆ.

ದೂರುಗಳೂ ಇವೆ. ಮಗುವಿನ ಬಕಲ್ ಎಷ್ಟು ಗಟ್ಟಿಯೆಂದರೆ ನನ್ನ ವಯಸ್ಸಿನ ಹೆಬ್ಬೆರಳಿಗೆ ಅದು ಶಿಕ್ಷೆ. ಕೈಪಿಡಿಯಲ್ಲಿ ಹಲವು ಭಾಷೆಗಳಿವೆ, ಕನ್ನಡವಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಬಕಲಿನ ಲೋಹ ಸುಡುತ್ತದೆ, ಬಿಳಿ ಟವೆಲ್ ಹೊದಿಸಿಟ್ಟು ಹೋಗಬೇಕು. ಮುಂದಿನ ಸೀಟನ್ನು ಅಷ್ಟು ಮುಂದಕ್ಕೆ ಸರಿಸಿದ್ದರಿಂದ ಅಳಿಯ ಅಲ್ಲಿ ಕಾಲು ಮಡಚಿಕೊಂಡೇ ಕೂರಬೇಕು. ಇಷ್ಟಾದರೂ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅಂಗಡಿಯ ಹುಡುಗನಿಗೆ ಐದಕ್ಕೆ ಐದು, ಕತ್ತಿನ ದಿಂಬು ಮಾರಲು ನೋಡಿದ್ದನ್ನು ಬಿಟ್ಟರೆ. ಸೀಟಿನ ಜೊತೆ ಬಾರದ ದಿಂಬು, ಮೆತ್ತೆ ಯಾವುದನ್ನೂ ಮಗುವಿನ ಹಿಂದೆ ಸೇರಿಸಬಾರದು. ನೀವು ಹೋಗುವುದಾದರೆ ವಾರದ ದಿನ ಅಂಗಡಿ ತೆರೆದ ಕೂಡಲೇ ಹೋಗಿ. ಸಂಜೆ ಅರಸು ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವೇ ಸಿಗುವುದಿಲ್ಲ, ಇನ್ನು ಸೀಟು ಕಟ್ಟಿ ನೋಡುವುದೆಲ್ಲಿ.